ಲಾಸ್ ಏಂಜಲೀಸ್ ಶೆರಿಫ್: ಮೇಲಧಿಕಾರಿಯೇ ಇಲ್ಲದ ಪೊಲೀಸ್ ದೊರೆ

ಲಾಸ್ ಏಂಜಲೀಸ್ ಸುತ್ತಮುತ್ತ ನೆಲೆಸಿದ ಕನ್ನಡಿಗರಲ್ಲಿ ಆರ್ಟೀಶಿಯಾದ ಪಯೊನಿಯರ್ ಬೂಲೆವಾರ್ಡ್ ನೋಡದವರು ಕಡಿಮೆ. ಸೀರೆ ಅಂಗಡಿ, ಚಿನ್ನದಂಗಡಿ, ದೋಸೆ ಹೋಟೆಲು, ಬೇಳೆಕಾಳು ಸಿಗುವ ದಿನಸಿ ಅಂಗಡಿಗಳು ಸಾಲಾಗಿರುವ ರಸ್ತೆ ಅದು. ಅಲ್ಲೊಂದು ಅಂಗಡಿಯ ಗಾಜು ಒಡೆದು ಕಳವಾಯಿತು ಅಂತಿಟ್ಟುಕೊಳ್ಳಿ. 911ಕ್ಕೆ ಫೋನ್ ಮಾಡಿದರೆ ಬರುವ ಕಪ್ಪು-ಬಿಳಿ ಕಾರಿನ ಬಾಗಿಲ ಮೇಲೆ ಆರು ಮೂಲೆಯ ನಕ್ಷತ್ರ ಇರುತ್ತದೆ. ಇಳಿಯುವವರು ತಿಳಿ ಖಾಕಿ ಅಂಗಿ, ಹಸಿರು ಪ್ಯಾಂಟು ತೊಟ್ಟಿರುತ್ತಾರೆ. ಇವರು ಲಾಸ್ ಏಂಜಲೀಸ್ ನಗರದ ಪೊಲೀಸರಲ್ಲ. ಆರ್ಟೀಶಿಯಾದ ಪೊಲೀಸರೂ ಅಲ್ಲ, ಯಾಕೆಂದರೆ ಆ ಊರಿಗೆ ತನ್ನದೇ ಪೊಲೀಸ್ ಇಲಾಖೆ ಇಲ್ಲ. ಪಕ್ಕದ ಲೇಕ್‌ವುಡ್ ಸ್ಟೇಷನ್ನಿನಿಂದ ಬಂದ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಶೆರಿಫರ ಡೆಪ್ಯುಟಿಗಳು, ಅಂದರೆ ಅವರ ಕೈಕೆಳಗಿನ ಪೊಲೀಸರು ಇವರು. ವರ್ಷಕ್ಕಿಷ್ಟು ಅಂತ ಹಣ ಕಟ್ಟಿ ಆರ್ಟೀಶಿಯಾ ಇವರನ್ನು ಗುತ್ತಿಗೆಗೆ ಹಿಡಿದಿದೆ.

ನಮ್ಮಲ್ಲಿ ಇದಕ್ಕೆ ಸಾಟಿಯಾದ ಹುದ್ದೆ ಇಲ್ಲ. ಮುಂಬಯಿಗೆ ಬ್ರಿಟಿಷರ ಕಾಲದಿಂದ ಬಂದ ಶೆರಿಫ್ ಎಂಬ ಪದವಿ ಇತ್ತು, ಸುನಿಲ್ ಗವಾಸ್ಕರ್ ಕೂಡ ಒಮ್ಮೆ ಅದರಲ್ಲಿದ್ದರು. ಆದರೆ ಅದು ಹಾರ-ತುರಾಯಿಯ ಗೌರವವಷ್ಟೆ. ಅಮೆರಿಕದ ಕೌಂಟಿ ಶೆರಿಫ್ ಅಂದರೆ ಜಿಲ್ಲೆಯ ಎಸ್‌ಪಿ, ಕೇಂದ್ರ ಕಾರಾಗೃಹದ ಸೂಪರಿಂಟೆಂಡೆಂಟ್, ಕೋರ್ಟಿನ ಅಮೀನ ಈ ಮೂವರ ಕೆಲಸವನ್ನೂ ಒಬ್ಬರ ಹೆಗಲಿಗೆ ಹಾಕಿ, ಆ ಒಬ್ಬರನ್ನು ಚುನಾವಣೆಗೆ ನಿಲ್ಲಿಸಿದ ಹಾಗೆ. ಕ್ಯಾಲಿಫೋರ್ನಿಯಾದ ಬಹುಪಾಲು ಕೌಂಟಿಗಳಲ್ಲಿ ಅನುಮಾನಾಸ್ಪದ ಸಾವಿನ ಕಾರಣ ನಿರ್ಧರಿಸುವ ಕರೋನರ್ ಕೂಡ ಶೆರಿಫರೇ. ಲಾಸ್ ಏಂಜಲೀಸ್‌ನಲ್ಲಿ ಆ ಕೆಲಸ ಬೇರೆ ಇಲಾಖೆಯದು. ಶೆರಿಫರಿಗೆ ವರ್ಗಾವಣೆಯ ಭಯವಿಲ್ಲ, ಅಮಾನತು ಮಾಡಲು ಐಜಿ ಇಲ್ಲ, ಕರೆದು ಗದರಲು ಗೃಹಸಚಿವರೂ ಇಲ್ಲ.

ಲಾಸ್ ಏಂಜಲೀಸ್ ಕೌಂಟಿ ಶೆರಿಫ್ ಇಲಾಖೆ ಈ ಮಾದರಿಯಲ್ಲೇ ದೇಶಕ್ಕೆ ದೊಡ್ಡದು. 1850ರಲ್ಲಿ ಶುರುವಾಯಿತು. ಈಗ ಸುಮಾರು ಒಂದು ಕೋಟಿ ಜನರಿರುವ ಕೌಂಟಿ, ವರ್ಷಕ್ಕೆ ಸುಮಾರು 400 ಕೋಟಿ ಡಾಲರ್ ಬಜೆಟ್. ಇದರ ಹಗರಣಗಳನ್ನು ಬಿಡಿಬಿಡಿಯಾಗಿ ಓದಿದರೆ ಒಬ್ಬೊಬ್ಬ ಕೆಟ್ಟ ಮನುಷ್ಯನ ಕಥೆಯ ಹಾಗೆ ಕಾಣುತ್ತವೆ. ರಚನೆ ಗೊತ್ತಿದ್ದವರಿಗೆ ಹಾಗೆ ಕಾಣುವುದಿಲ್ಲ. ಇಲ್ಲಿ ಲಾಠಿ ಇರುವುದು ಶೆರಿಫರ ಕೈಯಲ್ಲಿ, ಹಣದ ಚೀಲ ಇರುವುದು ಐವರು ಸೂಪರ್‌ವೈಸರ್‌ಗಳ ಬೋರ್ಡಿನ, ಅಂದರೆ ಕೌಂಟಿಯ ಚುನಾಯಿತ ಆಡಳಿತ ಮಂಡಳಿಯ ಕೈಯಲ್ಲಿ, ತಪ್ಪಾದಾಗ ಪರಿಹಾರ ಕಟ್ಟುವವರು ತೆರಿಗೆದಾರರು. ಹಗರಣಗಳು ಹುಟ್ಟುವುದು ಈ ಮೂರರ ನಡುವಿನ ಸಂದಿನಲ್ಲಿ.

ಯಾರ ಹದ್ದು ಎಲ್ಲಿಯವರೆಗೆ

ಕೌಂಟಿಯೊಳಗೆ 88 ನಗರಗಳಿವೆ. ಲಾಸ್ ಏಂಜಲೀಸ್ ನಗರ ಅವುಗಳಲ್ಲಿ ದೊಡ್ಡದು, ಅದಕ್ಕೆ ಎಲ್‌ಎಪಿಡಿ ಎಂಬ ಸ್ವಂತ ಪೊಲೀಸ್ ಇಲಾಖೆ ಇದೆ. ಅದರ ಮುಖ್ಯಸ್ಥರನ್ನು ಮೇಯರ್ ನೇಮಿಸುತ್ತಾರೆ. ಲಾಂಗ್ ಬೀಚ್, ಪ್ಯಾಸಡೀನಾ, ಗ್ಲೆಂಡೇಲ್‌ನಂಥ ನಗರಗಳಿಗೂ ಸ್ವಂತ ಪೊಲೀಸರಿದ್ದಾರೆ. ಯಾವ ನಗರಕ್ಕೂ ಸೇರದ ಪ್ರದೇಶಗಳಿಗೆ, ಅಂದರೆ ಈಸ್ಟ್ ಲಾಸ್ ಏಂಜಲೀಸ್, ಆಲ್ಟಡೀನಾದಂಥ ಕಡೆಗೆ, ನೇರವಾಗಿ ಶೆರಿಫರೇ ಪೊಲೀಸು. ನೆಲದ ಲೆಕ್ಕದಲ್ಲಿ ಕೌಂಟಿಯ ಅರ್ಧಕ್ಕಿಂತ ಹೆಚ್ಚು ಭಾಗ ಇಂಥದ್ದು. ಹೆದ್ದಾರಿಯ ಮೇಲೆ ಹಿಡಿದರೆ ಅದು ರಾಜ್ಯದ ಹೈವೇ ಪೆಟ್ರೋಲ್, ಶೆರಿಫರಲ್ಲ. ಇವೆಲ್ಲದರ ಮೇಲೆ 42 ನಗರಗಳು ಶೆರಿಫರನ್ನು ಗುತ್ತಿಗೆಗೆ ಹಿಡಿದಿವೆ.

ಈ ಗುತ್ತಿಗೆ ಪದ್ಧತಿ ಹುಟ್ಟಿದ್ದು 1954ರಲ್ಲಿ, ಲೇಕ್‌ವುಡ್ ನಗರವಾದಾಗ. ಯುದ್ಧದ ನಂತರ ಒಂದೇ ಅಚ್ಚಿನಲ್ಲಿ ಎದ್ದ ಸಾವಿರಾರು ಮನೆಗಳ ಊರು ಅದು. ಪಕ್ಕದ ಲಾಂಗ್ ಬೀಚ್ ತನ್ನೊಳಗೆ ಎಳೆದುಕೊಳ್ಳಲು ನೋಡುತ್ತಿತ್ತು. ಸ್ವಂತ ನಗರವಾಗಬೇಕೆಂದರೆ ಪೊಲೀಸು, ಅಗ್ನಿಶಾಮಕ, ರಸ್ತೆ ಎಲ್ಲಕ್ಕೂ ಇಲಾಖೆ ಕಟ್ಟಬೇಕು, ಅಷ್ಟು ದುಡ್ಡಿರಲಿಲ್ಲ. ಹಾಗಾಗಿ ನಗರಸಭೆ ಇಟ್ಟುಕೊಂಡು ಸೇವೆಯನ್ನೆಲ್ಲ ಕೌಂಟಿಯಿಂದ ಕೊಂಡರು. ಆಮೇಲೆ ಹುಟ್ಟಿದ ಹತ್ತಾರು ಊರುಗಳು ಅದೇ ದಾರಿ ಹಿಡಿದವು. ಕಾಂಪ್ಟನ್‌ನಂಥ ಹಳೆಯ ನಗರ 2000ದಲ್ಲಿ ತನ್ನ ಪೊಲೀಸ್ ಇಲಾಖೆಯನ್ನೇ ಮುಚ್ಚಿ ಶೆರಿಫರನ್ನು ಕರೆಯಿತು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಕನ್ನಡಿಗರಿಗೆ ಗೊತ್ತಿರುವ ಉದಾಹರಣೆ ಕೂಪರ್ಟಿನೊ. ಆ್ಯಪಲ್ ಕಂಪನಿಯ ಊರಿನ ಪೊಲೀಸರೂ ಗುತ್ತಿಗೆಯವರೇ, ಸಾಂಟಾ ಕ್ಲಾರಾ ಕೌಂಟಿ ಶೆರಿಫರ ಕಡೆಯವರು.

ಗುತ್ತಿಗೆಯ ಲೆಕ್ಕ ತಿಳಿದರೆ ಇಲಾಖೆ ಅರ್ಧ ತಿಳಿದಂತೆ. ನಗರ ಕೊಳ್ಳುವುದು ತಲೆಲೆಕ್ಕದಲ್ಲಿ ಪೊಲೀಸರನ್ನಲ್ಲ, ವಾರದ ಗಂಟೆಗಳನ್ನು. ವಾರಕ್ಕೆ 56 ಗಂಟೆಯ ಒಂದು ಯೂನಿಟ್ ಅಂದರೆ ದಿನಕ್ಕೆ 8 ಗಂಟೆಯಂತೆ ವಾರದ ಏಳೂ ದಿನ ಒಂದು ಕಾರು, ಅದರಲ್ಲಿ ಒಬ್ಬ ಡೆಪ್ಯುಟಿ. ಆತ ರಜೆ ಹಾಕಿದರೆ ಬದಲಿ ಕಳಿಸುವುದು ಸ್ಟೇಷನ್ನಿನ ಜವಾಬ್ದಾರಿ. ಇಪ್ಪತ್ನಾಲ್ಕು ಗಂಟೆಯೂ ಒಂದು ಕಾರು ರಸ್ತೆಯಲ್ಲಿರಬೇಕೆಂದರೆ ಅಂಥ ಮೂರು ಯೂನಿಟ್ ಕೊಳ್ಳಬೇಕು. ಎಷ್ಟು ಯೂನಿಟ್, ಯಾವ ಪಾಳಿ ಎಂಬುದನ್ನೆಲ್ಲ 575 ನಂಬರಿನ ಫಾರ್ಮಿನಲ್ಲಿ ತುಂಬುತ್ತಾರೆ, ವರ್ಷವರ್ಷ ದರ ಬದಲಾಗುತ್ತದೆ. ಕೊಲೆ ತನಿಖೆಯ ತಂಡ, ಹೆಲಿಕಾಪ್ಟರ್, ವಿಶೇಷ ಶಸ್ತ್ರ ಪಡೆ ಬಂದರೆ ಅದಕ್ಕೆ ಪ್ರತ್ಯೇಕ ಬಿಲ್ ಇಲ್ಲ. ಇಡೀ ಕೌಂಟಿಗೆ ಸಿಗುವ ಸೇವೆಯ ಖರ್ಚನ್ನು ಗುತ್ತಿಗೆ ನಗರಗಳ ತಲೆಗೆ ಕಟ್ಟಬಾರದೆಂದು 1973ರಲ್ಲೇ ರಾಜ್ಯ ಕಾನೂನು ಮಾಡಿದೆ. ಸ್ವಂತ ಪೊಲೀಸರನ್ನು ಸಾಕುವ ನಗರಗಳಿಗೆ ಇದು ಹಳೆಯ ಹೊಟ್ಟೆಯುರಿ: ತಮ್ಮ ತೆರಿಗೆಯಲ್ಲಿ ಪಕ್ಕದೂರಿಗೆ ಸೋವಿ ಪೊಲೀಸು ಸಿಗುತ್ತಿದೆ ಎಂದು.

ಇನ್ನೊಂದು ಸಾಲು ಬಿಲ್ಲಿನ ಕೊನೆಯಲ್ಲಿರುತ್ತದೆ: ಹೊಣೆಗಾರಿಕೆ ನಿಧಿ. ಡೆಪ್ಯುಟಿಗಳ ಮೇಲೆ ಹೂಡುವ ದಾವೆಗಳಿಗೆಂದು ಗುತ್ತಿಗೆಯ ಮೊತ್ತದ ಮೇಲೆ ಶೇಕಡಾ ಇಷ್ಟು ಎಂದು ಎಲ್ಲ ಗುತ್ತಿಗೆ ನಗರಗಳೂ ಕಟ್ಟುತ್ತವೆ. ಈ ಸಾಲನ್ನು ನೆನಪಿಟ್ಟುಕೊಳ್ಳಿ.

ಜೈಲಿನಿಂದ ರಸ್ತೆಗೆ

ಒಬ್ಬರು ಡೆಪ್ಯುಟಿ ಆಗುವ ಬಗೆ ಹೀಗಿದೆ. 22 ವಾರ ಅಕಾಡೆಮಿ. ಅದು ಮುಗಿದ ಮೇಲೆ ಹೆಚ್ಚಿನವರು ನೇರ ರಸ್ತೆಗಿಳಿಯುವುದಿಲ್ಲ, ಜೈಲಿಗೆ ಹೋಗುತ್ತಾರೆ. ಅಲ್ಲಿ ಕೆಲವು ವರ್ಷ ಕಾವಲು ಕಾದ ಮೇಲೆ ಗಸ್ತಿನ ಸ್ಟೇಷನ್ ಸಿಗುತ್ತದೆ. ಅಲ್ಲಿ ಮತ್ತೆ ಸುಮಾರು ಆರು ತಿಂಗಳು ತರಬೇತಿ ಡೆಪ್ಯುಟಿಯ ಪಕ್ಕದ ಸೀಟಿನಲ್ಲಿ ಕೂರಬೇಕು. ಪಾಸೋ ಫೇಲೋ ಎಂದು ಬರೆಯುವವನು ಆ ತರಬೇತಿ ಡೆಪ್ಯುಟಿಯೇ. ಮೇಲಿನ ಮೆಟ್ಟಿಲುಗಳು ಸಾರ್ಜೆಂಟ್, ಲೆಫ್ಟಿನೆಂಟ್, ಕ್ಯಾಪ್ಟನ್, ಕಮಾಂಡರ್, ಚೀಫ್, ಅಸಿಸ್ಟೆಂಟ್ ಶೆರಿಫ್, ಅಂಡರ್‌ಶೆರಿಫ್. ಸ್ಟೇಷನ್ನಿನ ಮುಖ್ಯಸ್ಥರು ಕ್ಯಾಪ್ಟನ್, ಒಂದು ಪಾಳಿಯ ಪೂರ್ತಿ ಹೊಣೆ ವಾಚ್ ಕಮಾಂಡರ್ ಎಂಬ ಲೆಫ್ಟಿನೆಂಟರದು. ಕೌಂಟಿಯಲ್ಲಿ ಹೀಗೆ ಇಪ್ಪತ್ತಕ್ಕೂ ಹೆಚ್ಚು ಸ್ಟೇಷನ್‌ಗಳಿವೆ.

ಇಪ್ಪತ್ತೆರಡು-ಇಪ್ಪತ್ಮೂರರ ಹುಡುಗ ಸಮವಸ್ತ್ರ ತೊಟ್ಟು ಮೊದಲು ನೋಡುವ ಜನ ಕೈದಿಗಳೇ. ಅಲ್ಲಿ ಕಲಿತ ಮಾತು, ಅಲ್ಲಿ ಅಭ್ಯಾಸವಾದ ಕೈ ಆಮೇಲೆ ಕಾಂಪ್ಟನ್ನಿನ ಬೀದಿಗೂ ಬರುತ್ತದೆ. ಇಲಾಖೆಯನ್ನು ಪರಿಶೀಲಿಸಿದವರಲ್ಲಿ ಹಲವರು ಇದೇ ಮಾತು ಹೇಳಿದ್ದಾರೆ. ಜೈಲಿಗೇ ಪ್ರತ್ಯೇಕ ವೃತ್ತಿಧಾರೆ ಇರಲಿ ಎಂಬ ಸಲಹೆ 2012ರ ಜೈಲು ಹಿಂಸಾಚಾರ ಆಯೋಗದ ವರದಿಯಲ್ಲೂ ಇತ್ತು.

ಜೈಲುಗಳೆಂದರೆ ಸಣ್ಣವಲ್ಲ. ಡೌನ್‌ಟೌನ್ ಪಕ್ಕದಲ್ಲಿ 1963ರ ಮೆನ್ಸ್ ಸೆಂಟ್ರಲ್ ಜೈಲ್, ಅದರೆದುರಿಗೆ 1997ರಲ್ಲಿ ತೆರೆದ ಟ್ವಿನ್ ಟವರ್ಸ್, ಲಿನ್‌ವುಡ್‌ನಲ್ಲಿ ಹೆಂಗಸರ ಜೈಲು, ಉತ್ತರದ ಕ್ಯಾಸ್ಟೇಯ್ಕ್ ಗುಡ್ಡಗಳ ನಡುವೆ ಪಿಚೆಸ್ ಕೇಂದ್ರ. ಒಟ್ಟು ಹನ್ನೆರಡು-ಹದಿಮೂರು ಸಾವಿರ ಕೈದಿಗಳು. ಇವರಲ್ಲಿ ಬಹಳ ಮಂದಿ ವಿಚಾರಣಾಧೀನರು, ಐವರಲ್ಲಿ ಸುಮಾರು ಇಬ್ಬರಿಗೆ ಮಾನಸಿಕ ಚಿಕಿತ್ಸೆ ಬೇಕು. ಸೆಂಟ್ರಲ್ ಜೈಲಿನ ದೋಷ ಅದರ ನಕ್ಷೆಯಲ್ಲೇ ಇದೆ. ಉದ್ದನೆಯ ಓಣಿ, ಪಕ್ಕದಲ್ಲಿ ಸಾಲಾಗಿ ಸರಳಿನ ಕೋಣೆಗಳು. ಒಂದು ಕೋಣೆಯಲ್ಲಿ ಏನಾಗುತ್ತಿದೆ ಎಂದು ನೋಡಬೇಕಾದರೆ ಡೆಪ್ಯುಟಿ ಅದರ ಮುಂದೆ ನಡೆದು ಹೋಗಲೇಬೇಕು. ಒಂದೇ ಕಡೆ ಕೂತು ಹತ್ತು ಕೋಣೆ ಕಾಣುವ ಹೊಸ ಮಾದರಿಯ ಜೈಲಲ್ಲ ಅದು. ಹಾಗಾಗಿ ಕೈದಿ ನೇಣು ಹಾಕಿಕೊಂಡರೂ, ಕೈದಿಗೆ ಹೊಡೆತ ಬಿದ್ದರೂ ನೋಡುವವರಿಲ್ಲ. ಜೈಲಿನ ವೈದ್ಯಕೀಯ ಸೇವೆಯನ್ನು ಒಂದು ದಶಕದ ಹಿಂದೆ ಶೆರಿಫರ ಕೈಯಿಂದ ತೆಗೆದು ಆರೋಗ್ಯ ಇಲಾಖೆಗೆ ಕೊಟ್ಟರು. 2021ರಲ್ಲಿ ಬೋರ್ಡು ಈ ಕಟ್ಟಡವನ್ನೇ ಮುಚ್ಚುತ್ತೇವೆ ಅಂದಿತು. ಕೈದಿಗಳನ್ನು ಎಲ್ಲಿಡುವುದೆಂಬ ಪ್ರಶ್ನೆ ಬಗೆಹರಿಯಲಿಲ್ಲ, ಜೈಲು ನಡೆಯುತ್ತಲೇ ಇತ್ತು. ಈ ಜೈಲುಗಳ ಮೇಲೆ ಫೆಡರಲ್, ಅಂದರೆ ಕೇಂದ್ರದ ಕೋರ್ಟಿನಲ್ಲಿ 1975ರಲ್ಲಿ ಹೂಡಿದ ಕೇಸೊಂದು ಶೆರಿಫರ ಹೆಸರು ಬದಲಿಸಿಕೊಂಡು ಅರ್ಧ ಶತಮಾನ ಬದುಕಿದೆ.

ಅಮೀನನ ಕೆಲಸಕ್ಕೆ ಒಂದೇ ಉದಾಹರಣೆ ಸಾಕು: ಬಾಡಿಗೆದಾರನ ಎತ್ತಂಗಡಿ. ಮಾಲೀಕ ತಾನಾಗಿ ಬೀಗ ಬದಲಿಸಿದರೆ ಕಾನೂನುಬಾಹಿರ. ಕೋರ್ಟಿನ ತೀರ್ಪು, ಅದರ ಮೇಲೆ ಸ್ವಾಧೀನದ ಆದೇಶ, ಆ ಆದೇಶ ಶೆರಿಫರ ಸಿವಿಲ್ ವಿಭಾಗಕ್ಕೆ. ಡೆಪ್ಯುಟಿ ಬಂದು ಬಾಗಿಲಿಗೆ ಐದು ದಿನದ ನೋಟಿಸ್ ಅಂಟಿಸುತ್ತಾರೆ. ಅವಧಿ ಮುಗಿದ ಮೇಲೆ ಗೊತ್ತುಪಡಿಸಿದ ದಿನ ಮತ್ತೆ ಬಂದು ಒಳಗಿದ್ದವರನ್ನು ಹೊರಕಳಿಸುತ್ತಾರೆ, ಬೀಗದವನನ್ನು ಕರೆತರುವುದು ಮಾಲೀಕನ ಕೆಲಸ. ಸಾಮಾನು ಒಳಗೇ ಉಳಿದರೆ ಅದನ್ನು ಕಾಪಾಡಿ ನೋಟಿಸ್ ಕೊಡುವ ಹೊಣೆಯೂ ಮಾಲೀಕನದೇ. ಡೆಪ್ಯುಟಿ ತಗಾದೆಯ ತಪ್ಪು-ಸರಿ ವಿಚಾರಿಸುವುದಿಲ್ಲ. ಅವರೆದುರು ಗೋಗರೆದು ಪ್ರಯೋಜನವಿಲ್ಲ, ತಡೆಯಾಜ್ಞೆ ಬೇಕಿದ್ದರೆ ಎತ್ತಂಗಡಿಗೆ ಮುಂಚೆಯೇ ಕೋರ್ಟಿಗೆ ಹೋಗಬೇಕು.

ಮತ ಹಾಕಿದವರೇ ಮೇಲಧಿಕಾರಿ

ಪ್ರತಿ ಕೌಂಟಿಗೂ ಚುನಾಯಿತ ಶೆರಿಫ್ ಇರಬೇಕೆಂದು ಕ್ಯಾಲಿಫೋರ್ನಿಯಾದ ಸಂವಿಧಾನವೇ ಹೇಳುತ್ತದೆ. ಅವಧಿ ನಾಲ್ಕು ವರ್ಷ, ಪಕ್ಷದ ಚಿಹ್ನೆ ಇಲ್ಲ. ಜೂನ್ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೊದಲಿಬ್ಬರ ನಡುವೆ ನವೆಂಬರಿನಲ್ಲಿ ಇನ್ನೊಂದು ಸುತ್ತು. ಬಜೆಟ್ ಕೊಡುವುದು ಬೋರ್ಡು, ಆದರೆ ಶೆರಿಫರ ತನಿಖಾ ಕೆಲಸಕ್ಕೆ ಅಡ್ಡ ಬರುವಂತಿಲ್ಲ ಎಂದು ರಾಜ್ಯದ ಕಾನೂನು ಬೋರ್ಡಿನ ಕೈ ಕಟ್ಟಿದೆ. ರಾಜ್ಯದ ಅಟಾರ್ನಿ ಜನರಲ್‌ಗೆ ಶೆರಿಫರ ಮೇಲೆ ಮೇಲ್ವಿಚಾರಣೆಯ ಅಧಿಕಾರ ಸಂವಿಧಾನದಲ್ಲಿದೆ, ದಿನನಿತ್ಯದಲ್ಲಿ ಅದು ಕಾಗದದ ಮೇಲಿನ ಅಧಿಕಾರ.

ಮತದಾರರೇ ಮೇಲಧಿಕಾರಿ ಅನ್ನುವುದು ಕೇಳಲು ಚೆನ್ನ. 1998ರಲ್ಲಿ ಶೆರಿಫ್ ಶರ್ಮನ್ ಬ್ಲಾಕ್ ಚುನಾವಣೆಗೆ ಐದು ದಿನ ಮುಂಚೆ ತೀರಿಕೊಂಡರು. ಹೆಸರು ಮತಪತ್ರದಲ್ಲಿ ಉಳಿದಿತ್ತು. ಸತ್ತವರೆಂದು ಗೊತ್ತಿದ್ದೂ ಮೂರನೇ ಒಂದಕ್ಕಿಂತ ಹೆಚ್ಚು ಮತದಾರರು ಅವರಿಗೇ ಒತ್ತಿದರು. ಎದುರಾಳಿ ಲೀ ಬಾಕಾ ಗೆದ್ದರು. 1914ರ ಬಳಿಕ 2018ರವರೆಗೆ, ತೀರಿಕೊಂಡ ಬ್ಲಾಕ್ ಅವರನ್ನು ಬಿಟ್ಟರೆ, ಅಧಿಕಾರದಲ್ಲಿದ್ದ ಒಬ್ಬ ಶೆರಿಫರೂ ಚುನಾವಣೆಯಲ್ಲಿ ಸೋಲಲಿಲ್ಲ. ಒಮ್ಮೆ ಕೂತವರು ಹೆಚ್ಚಾಗಿ ನಿವೃತ್ತಿಯೋ ಸಾವೋ ಬಂದಾಗಲೇ ಎದ್ದದ್ದು. ಪೀಟರ್ ಪಿಚೆಸ್ 1958ರಿಂದ 1981ರವರೆಗೆ ಇದ್ದರು. ಇವರ ಹೆಸರು ಎರಡು ಕಡೆ ಉಳಿದಿದೆ. ಒಂದು, ಮೇಲೆ ಹೇಳಿದ ಜೈಲು. ಇನ್ನೊಂದು 'ಪಿಚೆಸ್ ಮೋಷನ್': ಪೊಲೀಸರ ಮೇಲೆ ಕೈ ಮಾಡಿದ ಆರೋಪ ಹೊತ್ತವರು ಆ ಪೊಲೀಸರ ಹಿಂದಿನ ದೌರ್ಜನ್ಯದ ದಾಖಲೆ ಕೊಡಿಸಿ ಎಂದು ನ್ಯಾಯಾಧೀಶರನ್ನು ಕೇಳುವ ಅರ್ಜಿ. ದಾಖಲೆ ಕೊಡಲು ಒಲ್ಲೆ ಎಂದು ಪಿಚೆಸ್ ಹೂಡಿದ ವ್ಯಾಜ್ಯದಲ್ಲಿ 1974ರಲ್ಲಿ ಅವರೇ ಸೋತದ್ದರಿಂದ ಆ ಹೆಸರು ಬಂತು.

ಮೀನಖಂಡದ ಮೇಲಿನ ಹಚ್ಚೆ

ಇಲಾಖೆಯ ಅತಿ ಹಳೆಯ ರೋಗ ಅದರೊಳಗಿನ ಗುಂಪುಗಳು, 'ಡೆಪ್ಯುಟಿ ಗ್ಯಾಂಗ್‌'ಗಳು. ಹೆಸರುಗಳೇ ಸಾಕು: ಲಿಟ್ಲ್ ಡೆವಿಲ್ಸ್, ವೈಕಿಂಗ್ಸ್, ಗ್ರಿಮ್ ರೀಪರ್ಸ್, ಜಂಪ್ ಔಟ್ ಬಾಯ್ಸ್, ಬ್ಯಾಂಡಿಟೋಸ್, ಎಕ್ಸಿಕ್ಯೂಷನರ್ಸ್. ಈಸ್ಟ್ ಲಾಸ್ ಏಂಜಲೀಸ್ ಸ್ಟೇಷನ್ನಿನ ಬ್ಯಾಂಡಿಟೋಸ್ ಗುರುತು ಹೀಗಿದೆ: ಮೀಸೆ ಬಿಟ್ಟ ಅಸ್ಥಿಪಂಜರ, ತಲೆಗೆ ಮೆಕ್ಸಿಕನ್ನರ ಅಗಲ ಟೋಪಿ, ಕೈಯಲ್ಲಿ ಪಿಸ್ತೂಲು, ಜೊತೆಗೆ ಸದಸ್ಯನ ಕ್ರಮಸಂಖ್ಯೆ. ಹಾಕಿಸಿಕೊಳ್ಳುವ ಜಾಗ ಸಾಮಾನ್ಯವಾಗಿ ಕಾಲಿನ ಮೀನಖಂಡ, ಪ್ಯಾಂಟು ತೊಟ್ಟರೆ ಕಾಣುವುದಿಲ್ಲ. ಹಚ್ಚೆ ಕೇಳಿ ಪಡೆಯುವಂಥದ್ದಲ್ಲ, ಹಿರಿಯರು ಮೆಚ್ಚಿ ಕೊಡಬೇಕು. ಅದಕ್ಕಾಗಿ ಹೊಸಬರು ರಸ್ತೆಯಲ್ಲಿ ಕೈ ಜೋರು ಮಾಡುವುದಕ್ಕೆ ಒಳಗಿನವರ ಮಾತಿನಲ್ಲಿ 'ಚೇಸಿಂಗ್ ಇಂಕ್', ಹಚ್ಚೆಯ ಹಿಂದೆ ಓಡುವುದು.

ಹಚ್ಚೆ ಹಾಕಿಸಿಕೊಂಡರೆ ತಪ್ಪೇನು, ಸೈನಿಕರೂ ಹಾಕಿಸಿಕೊಳ್ಳುತ್ತಾರಲ್ಲ ಎಂಬ ವಾದವಿದೆ. ತೊಂದರೆ ಚಿತ್ರದಲ್ಲಿಲ್ಲ, ಸ್ಟೇಷನ್ನಿನ ಕೀಲಿಕೈ ಯಾರ ಬಳಿ ಇದೆ ಎಂಬುದರಲ್ಲಿದೆ. ಯಾವ ಪಾಳಿ ಯಾರಿಗೆ, ಹೊಸಬನಿಗೆ ತರಬೇತಿ ಯಾರದು, ಪಾಸು ಯಾರು, ಇವನ್ನು ಗುಂಪಿನ ಹಿರಿಯರು ಹಿಡಿದುಕೊಂಡರೆ ಲೆಫ್ಟಿನೆಂಟು ಕ್ಯಾಪ್ಟನ್ನು ಹೆಸರಿಗಷ್ಟೇ ಉಳಿಯುತ್ತಾರೆ. ಮಾತು ಕೇಳದ ಡೆಪ್ಯುಟಿ ರಸ್ತೆಯಲ್ಲಿ ನೆರವು ಕೇಳಿ ರೇಡಿಯೊ ಮಾಡಿದಾಗ ಪಕ್ಕದ ಕಾರು ನಿಧಾನ ಬರುತ್ತದೆ ಎಂಬ ಆರೋಪ ಡೆಪ್ಯುಟಿಗಳೇ ಹೂಡಿದ ದಾವೆಯಲ್ಲಿದೆ. 2018ರ ಸೆಪ್ಟೆಂಬರಿನಲ್ಲಿ ಈಸ್ಟ್ ಲಾಸ್ ಏಂಜಲೀಸ್ ಸ್ಟೇಷನ್ನಿನವರ ಪಾರ್ಟಿಯೊಂದು ಮುಗಿಯುವ ಹೊತ್ತಿಗೆ ಕಿರಿಯ ಡೆಪ್ಯುಟಿಗಳಿಗೆ ಪೆಟ್ಟು ಬಿದ್ದು ಆ ದಾವೆ ಹುಟ್ಟಿತು. 2010ರ ಕ್ರಿಸ್‌ಮಸ್ ಪಾರ್ಟಿಯಲ್ಲಿ ಸೆಂಟ್ರಲ್ ಜೈಲಿನ ಮೂರನೇ ಅಂತಸ್ತಿನ '3000 ಬಾಯ್ಸ್' ಸಹೋದ್ಯೋಗಿಗಳನ್ನೇ ಥಳಿಸಿದ್ದರು.

ಗೊತ್ತಿರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. 1991ರಲ್ಲೇ ಫೆಡರಲ್ ನ್ಯಾಯಾಧೀಶ ಟೆರಿ ಹ್ಯಾಟರ್ ಲಿನ್‌ವುಡ್‌ನ ವೈಕಿಂಗ್ಸ್ ಗುಂಪನ್ನು ನವನಾತ್ಸಿ ಬಿಳಿಯರ ಗ್ಯಾಂಗ್ ಎಂದು ಕರೆದಿದ್ದರು. 1992ರಲ್ಲಿ ಇಲಾಖೆಯನ್ನು ಪರಿಶೀಲಿಸಿದ ಕೋಲ್ಟ್ಸ್ ಆಯೋಗ ಎಚ್ಚರಿಸಿತು. 2021ರಲ್ಲಿ ರ್‍ಯಾಂಡ್ ಸಂಶೋಧನಾ ಸಂಸ್ಥೆ ಹೆಸರು ಕೇಳದೆ ಮಾಡಿದ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಶೇ. 16ರಷ್ಟು ಜನ ತಮ್ಮನ್ನು ಇಂಥ ಗುಂಪಿಗೆ ಕರೆದಿದ್ದರು ಅಂದರು. ಅದೇ ವರ್ಷ ರಾಜ್ಯ ಶಾಸನಸಭೆ ಪೊಲೀಸ್ ಗ್ಯಾಂಗ್‌ಗಳನ್ನು ನಿಷೇಧಿಸಿ ಕಾನೂನು ತಂದಿತು. 2022ರಲ್ಲಿ ಕೌಂಟಿಯ ಇನ್‌ಸ್ಪೆಕ್ಟರ್ ಜನರಲ್ 41 ಡೆಪ್ಯುಟಿಗಳನ್ನು ಗುರುತಿಸಿದರು. ಇಲ್ಲಿ ಒಂದು ಮಾತು: ಈ ಇನ್‌ಸ್ಪೆಕ್ಟರ್ ಜನರಲ್ ನಮ್ಮ ಐಜಿಯ ಹಾಗಲ್ಲ. ವರದಿ ಬರೆಯಬಹುದು, ಯಾರನ್ನೂ ಅಮಾನತು ಮಾಡಲಾಗದು. ಮೀನಖಂಡ ತೋರಿಸಿ ಎಂದು 2023ರಲ್ಲಿ ಅವರು ಡೆಪ್ಯುಟಿಗಳಿಗೆ ಪತ್ರ ಬರೆದಾಗ ಯೂನಿಯನ್ ಅಡ್ಡ ಬಂತು. ಈಗಿನ ಶೆರಿಫ್ ರಾಬರ್ಟ್ ಲೂನಾ ಅವರ ಇಲಾಖೆ ಗ್ಯಾಂಗ್ ವಿರೋಧಿ ನಿಯಮವನ್ನು ಜಾರಿಗೆ ತಂದದ್ದು 2024ರಲ್ಲಿ, ಕೋಲ್ಟ್ಸ್ ವರದಿ ಬಂದು 32 ವರ್ಷದ ಮೇಲೆ.

ಎಫ್‌ಬಿಐನಿಂದ ಕೈದಿಯನ್ನು ಬಚ್ಚಿಟ್ಟದ್ದು

2011ರ ಬೇಸಿಗೆಯಲ್ಲಿ ಸೆಂಟ್ರಲ್ ಜೈಲಿನ ಕೈದಿಯೊಬ್ಬನ ಬಳಿ ಮೊಬೈಲ್ ಸಿಕ್ಕಿತು. ಅದರಲ್ಲಿ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ನಂಬರಿತ್ತು. ಜೈಲಿನ ಹೊಡೆತಗಳ ಬಗ್ಗೆ ಎಫ್‌ಬಿಐ ಒಳಗಿನಿಂದಲೇ ಮಾಹಿತಿ ತರಿಸುತ್ತಿತ್ತು, ಲಂಚ ತಿಂದ ಒಬ್ಬ ಡೆಪ್ಯುಟಿಯೇ ಫೋನ್ ಒಳಗೆ ಸಾಗಿಸಿದ್ದ. ಇಲಾಖೆ ಆ ಕೈದಿಯನ್ನು ಸುಳ್ಳು ಹೆಸರಿನಲ್ಲಿ ಅಲ್ಲಿಂದಿಲ್ಲಿಗೆ ಸಾಗಿಸಿ ಎಫ್‌ಬಿಐ ಕೈಗೆ ಸಿಗದಂತೆ ಮಾಡಿತು. ಇಬ್ಬರು ಸಾರ್ಜೆಂಟರು ಎಫ್‌ಬಿಐ ಅಧಿಕಾರಿಯೊಬ್ಬರ ಮನೆ ಮುಂದೆಯೇ ನಿಂತು ಬಂಧಿಸುತ್ತೇವೆ ಎಂದು ಹೆದರಿಸಿದರು. ನ್ಯಾಯಕ್ಕೆ ಅಡ್ಡಿಪಡಿಸಿದ ಈ ಪ್ರಕರಣದಲ್ಲಿ ಕೆಳಗಿನವರಿಂದ ಹಿಡಿದು ಮೇಲಿನವರವರೆಗೆ ಒಬ್ಬೊಬ್ಬರಾಗಿ ಜೈಲು ಪಾಲಾದರು. ಅಂಡರ್‌ಶೆರಿಫ್ ಆಗಿದ್ದ ಪಾಲ್ ತನಾಕಾಗೆ 2016ರಲ್ಲಿ ಐದು ವರ್ಷ. ಶೆರಿಫ್ ಲೀ ಬಾಕಾ 2014ರಲ್ಲೇ ಹುದ್ದೆ ಬಿಟ್ಟಿದ್ದರು. ತಪ್ಪೊಪ್ಪಿಕೊಂಡು ಗರಿಷ್ಠ ಆರು ತಿಂಗಳಿಗೆ ಮಾಡಿಕೊಂಡ ಒಪ್ಪಂದವನ್ನು ನ್ಯಾಯಾಧೀಶರು ಒಪ್ಪಲಿಲ್ಲ. ಮೊದಲ ವಿಚಾರಣೆಯಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, 11 ಜನ ಖುಲಾಸೆಯ ಪರವಿದ್ದರು. ಎರಡನೇ ವಿಚಾರಣೆಯಲ್ಲಿ ಅಪರಾಧ ಸಾಬೀತಾಗಿ 2017ರಲ್ಲಿ ಮೂರು ವರ್ಷ ಶಿಕ್ಷೆಯಾಯಿತು. ಇದರಲ್ಲಿ ಗಮನಿಸಬೇಕಾದ್ದು, ಬೋರ್ಡಾಗಲಿ ಮತದಾರರಾಗಲಿ ಇವರನ್ನು ಹಿಡಿಯಲಿಲ್ಲ. ಹಿಡಿದದ್ದು ಫೆಡರಲ್ ಸರ್ಕಾರ.

ಬಾಕಾ ನಂತರದ ಚುನಾಯಿತ ಶೆರಿಫ್ ಜಿಮ್ ಮೆಕ್‌ಡಾನಲ್. ಸುಳ್ಳು, ಕಳ್ಳತನದಂಥ ದುರ್ನಡತೆ ದಾಖಲಾದ ಸುಮಾರು 300 ಡೆಪ್ಯುಟಿಗಳ ಪಟ್ಟಿಯನ್ನು ಸರ್ಕಾರಿ ವಕೀಲರಿಗೆ ಕೊಡಹೊರಟರು. ಇಂಥವರು ಸಾಕ್ಷಿ ಹೇಳುವಾಗ ಆರೋಪಿಯ ಕಡೆಯವರಿಗೆ ಅದು ತಿಳಿದಿರಬೇಕು ಎಂಬುದು ಕಾನೂನು. ಡೆಪ್ಯುಟಿಗಳ ಯೂನಿಯನ್ ತಡೆ ತಂದಿತು. ಪಟ್ಟಿಯ ಸುಳಿವು ಕೊಡಬಹುದೆಂದು ರಾಜ್ಯದ ಸುಪ್ರೀಂ ಕೋರ್ಟ್ ಹೇಳಿದ್ದು 2019ರಲ್ಲಿ. ಅಷ್ಟರಲ್ಲಿ ಮೆಕ್‌ಡಾನಲ್ ಚುನಾವಣೆ ಸೋತಿದ್ದರು.

ಸೋಲಿಸಿದ ಅಲೆಕ್ಸ್ ವಿಯಾನ್ವೆವಾ ನಿವೃತ್ತ ಲೆಫ್ಟಿನೆಂಟ್, ಯೂನಿಯನ್ ಬೆಂಬಲದಿಂದ ಬಂದವರು. ಪ್ರಚಾರದಲ್ಲಿ ದುಡಿದ ವಜಾಗೊಂಡ ಡೆಪ್ಯುಟಿಯೊಬ್ಬನನ್ನು ಬಂದವರೇ ವಾಪಸ್ ಸೇರಿಸಿಕೊಂಡರು. ಕೌಂಟಿಯೇ ತನ್ನ ಶೆರಿಫರ ಮೇಲೆ ಕೋರ್ಟಿಗೆ ಹೋಗಬೇಕಾಯಿತು. 2016ರಲ್ಲಿ ರಚನೆಯಾದ ನಾಗರಿಕ ಮೇಲ್ವಿಚಾರಣಾ ಆಯೋಗಕ್ಕೆ ಹಲ್ಲಿರಲಿಲ್ಲ. 2020ರ ಮಾರ್ಚಿನಲ್ಲಿ ಮತದಾರರು ಮೆಷರ್ ಆರ್ ಎಂಬ ಜನಮತದ ಮೂಲಕ ಸಮನ್ಸ್ ಕೊಡುವ ಅಧಿಕಾರ ಕೊಟ್ಟರು. ಸಮನ್ಸ್ ಬಂದರೂ ಶೆರಿಫ್ ಹಾಜರಾಗಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಅವರ ಒಂದು ತನಿಖಾ ತಂಡ ಬೋರ್ಡಿನ ಸದಸ್ಯೆ ಶೀಲಾ ಕ್ಯೂಲ್ ಅವರ ಮನೆಯನ್ನೇ ಬೆಳ್ಳಂಬೆಳಗ್ಗೆ ಶೋಧಿಸಿತು. ಎಸ್‌ಪಿಯೊಬ್ಬರು ತನ್ನ ಬಜೆಟ್ ಮಂಜೂರು ಮಾಡುವವರ ಮನೆಗೆ ನುಗ್ಗಿದಂತೆ. ಎರಡು ತಿಂಗಳಲ್ಲಿ ಚುನಾವಣೆ, ವಿಯಾನ್ವೆವಾ ಸೋತರು.

ದೂರು ಎಲ್ಲಿ ಜಾರುತ್ತದೆ

ಡೆಪ್ಯುಟಿಯ ಮೇಲೆ ದೂರಿದ್ದರೆ ಸ್ಟೇಷನ್ನಿನ ವಾಚ್ ಕಮಾಂಡರನ್ನು ಕೇಳಬೇಕು. ಅವರು ಸೇವಾ ಅಭಿಪ್ರಾಯ ವರದಿ ಎಂಬುದನ್ನು ತುಂಬುತ್ತಾರೆ. ನೋಡಿ, ಹೆಸರಿನಲ್ಲೇ ದೂರು ಅನ್ನುವ ಪದವಿಲ್ಲ. ಗಂಭೀರವಾದದ್ದು ಆಂತರಿಕ ತನಿಖಾ ವಿಭಾಗಕ್ಕೆ ಹೋಗುತ್ತದೆ. ಇಲ್ಲಿಂದ ಗಡಿಯಾರ ಓಡತೊಡಗುತ್ತದೆ: ದುರ್ನಡತೆ ಇಲಾಖೆಯ ಗಮನಕ್ಕೆ ಬಂದ ಒಂದು ವರ್ಷದೊಳಗೆ ತನಿಖೆ ಮುಗಿಸಿ ಶಿಕ್ಷೆಯ ನೋಟಿಸ್ ಕೊಡದಿದ್ದರೆ, ಕ್ರಿಮಿನಲ್ ತನಿಖೆಯಂಥ ಕೆಲವು ವಿನಾಯಿತಿ ಬಿಟ್ಟರೆ, ಶಿಕ್ಷಿಸುವ ಹಕ್ಕೇ ಹೋಯಿತು. ಕಡತ ಮೇಜಿನಿಂದ ಮೇಜಿಗೆ ನಿಧಾನ ಸರಿದರೆ ಸಾಕು, ಯಾರೂ ಯಾರನ್ನೂ ಉಳಿಸಬೇಕಿಲ್ಲ. ವಜಾ ಮಾಡಿದರೂ ಸಿವಿಲ್ ಸರ್ವಿಸ್ ಆಯೋಗಕ್ಕೆ ಮೇಲ್ಮನವಿ ಇದೆ, ಅಲ್ಲಿ ಗೆದ್ದು ಹಳೆಯ ಸಂಬಳದೊಂದಿಗೆ ಮರಳಿದವರಿದ್ದಾರೆ. 2023ರಿಂದ ರಾಜ್ಯಮಟ್ಟದ ಸಂಸ್ಥೆ ಪೊಲೀಸ್ ಪ್ರಮಾಣಪತ್ರವನ್ನೇ ರದ್ದು ಮಾಡಬಹುದು, ಆಗ ಇಲ್ಲಿ ವಜಾ ಆದವನು ಪಕ್ಕದ ಕೌಂಟಿಯಲ್ಲಿ ಸೇರುವ ದಾರಿ ಮುಚ್ಚುತ್ತದೆ.

ಗುಂಡು ಹಾರಿಸಿದ ಪ್ರಕರಣಗಳನ್ನು ಮೊದಲು ತನಿಖೆ ಮಾಡುವುದು ಶೆರಿಫರದೇ ಕೊಲೆ ತನಿಖಾ ವಿಭಾಗ, ಆಮೇಲೆ ಜಿಲ್ಲಾ ಅಟಾರ್ನಿ, ಅಂದರೆ ಕೌಂಟಿಯ ಸರ್ಕಾರಿ ವಕೀಲರ ಕಚೇರಿ. ಸತ್ತವರು ನಿರಾಯುಧರಾಗಿದ್ದರೆ 2021ರ ಜುಲೈನಿಂದ ರಾಜ್ಯದ ಅಟಾರ್ನಿ ಜನರಲ್ ತನಿಖೆ ಮಾಡಬೇಕು. ಡೆಪ್ಯುಟಿಗಳ ಮೈಮೇಲೆ ಕ್ಯಾಮೆರಾ ಬಂದದ್ದು 2020ರ ಅಕ್ಟೋಬರಿನಲ್ಲಿ.

ಪರಿಹಾರ ಕೇಳುವವರು ಎಡವುವುದು ಇನ್ನೊಂದು ಗಡುವಿನಲ್ಲಿ. ಗಾಯ, ಹಾನಿಯ ಬಗ್ಗೆ ರಾಜ್ಯದ ಕಾನೂನಿನಡಿ ದಾವೆ ಹೂಡುವ ಮೊದಲು ಕೌಂಟಿಗೆ ಲಿಖಿತ ಕ್ಲೇಮ್ ಕೊಡಬೇಕು, ಅದೂ ಘಟನೆ ನಡೆದ ಆರು ತಿಂಗಳೊಳಗೆ. ಕೌಂಟಿಗೆ ಉತ್ತರಿಸಲು 45 ದಿನ. ಸ್ಟೇಷನ್ನಿನಲ್ಲಿ ಕೊಟ್ಟ ದೂರು ಈ ಕ್ಲೇಮ್ ಅಲ್ಲ, ಅದರ ತನಿಖೆ ಮುಗಿಯಲಿ ಎಂದು ಕಾಯುತ್ತ ಕೂತವರ ಆರು ತಿಂಗಳು ಕಳೆದುಹೋಗುತ್ತದೆ. ಫೆಡರಲ್ ಹಕ್ಕುಗಳ ಉಲ್ಲಂಘನೆಯ ದಾವೆಗೆ ಈ ಕ್ಲೇಮ್ ಬೇಕಿಲ್ಲ.

ಗೆದ್ದರೆ ಹಣ ಕೊಡುವುದು ಕೌಂಟಿ. ಬಾಸ್ಕೆಟ್ಬಾಲ್ ಆಟಗಾರ ಕೋಬಿ ಬ್ರಯಂಟ್ ಸತ್ತ 2020ರ ಹೆಲಿಕಾಪ್ಟರ್ ಅಪಘಾತದ ಸ್ಥಳದಲ್ಲಿ ಡೆಪ್ಯುಟಿಗಳೂ ಅಗ್ನಿಶಾಮಕರೂ ಶವಗಳ ಫೋಟೋ ತೆಗೆದು ಹಂಚಿಕೊಂಡರು. 2022ರಲ್ಲಿ ಜ್ಯೂರಿ ಎರಡು ಕುಟುಂಬಗಳಿಗೆ 3.1 ಕೋಟಿ ಡಾಲರ್ ಕೊಡಿಸಿತು. ಗ್ಯಾಂಗ್ ಸದಸ್ಯರೆಂದು ಆಪಾದಿತರಾದ ಡೆಪ್ಯುಟಿಗಳು ಒಳಗೊಂಡ ಪ್ರಕರಣಗಳಲ್ಲಿ 1990ರಿಂದ ಸುಮಾರು 5.5 ಕೋಟಿ ಡಾಲರ್ ಹೋಗಿದೆ ಎಂದು 2020ರಲ್ಲಿ ಕೌಂಟಿಯ ದಾಖಲೆಗಳಿಂದ ಹೊರಬಂತು. ಶೆರಿಫರಾಗಲಿ ಡೆಪ್ಯುಟಿಯಾಗಲಿ ಜೇಬಿನಿಂದ ಕೊಡುವುದು ಅಪರೂಪದಲ್ಲಿ ಅಪರೂಪ. ಗುತ್ತಿಗೆ ನಗರದ ಕೆಲಸದಲ್ಲಿ ತಪ್ಪಾದರೆ ಹೊಣೆಗಾರಿಕೆ ನಿಧಿ ಕರಗುತ್ತದೆ, ಮರುವರ್ಷ ಶೇಕಡಾವಾರು ಏರುತ್ತದೆ. ಕಾಂಪ್ಟನ್ನಿನಲ್ಲಿ ಹಾರಿದ ಗುಂಡಿನ ಬೆಲೆಯಲ್ಲಿ ಒಂದು ಪಾಲು ಹೀಗೆ ಆರ್ಟೀಶಿಯಾದ ಬಿಲ್ಲಿಗೂ ಬರುತ್ತದೆ. ಆರ್ಟೀಶಿಯಾ ನಗರಸಭೆಗೆ ಕಾಂಪ್ಟನ್ ಸ್ಟೇಷನ್ನಿನ ಮೇಲೆ ಯಾವ ಹಿಡಿತವೂ ಇಲ್ಲ.

2022ರ ನವೆಂಬರಿನಲ್ಲಿ ವಿಯಾನ್ವೆವಾ ಸೋತ ದಿನವೇ ಮೆಷರ್ ಎ ಕೂಡ ಪಾಸಾಯಿತು. ಶೇ. 70ಕ್ಕೂ ಹೆಚ್ಚು ಮತದಾರರು ಒಪ್ಪಿದ ಈ ತಿದ್ದುಪಡಿಯಂತೆ, ಕಾರಣ ಕೊಟ್ಟು, ಐದರಲ್ಲಿ ನಾಲ್ಕು ಮತದಿಂದ ಬೋರ್ಡು ಶೆರಿಫರನ್ನು ತೆಗೆಯಬಹುದು. ಜನ ಆರಿಸಿದವರನ್ನು ಐದು ಮಂದಿ ತೆಗೆಯುವುದು ಸರಿಯೇ ಎಂಬ ತಕರಾರು ಅಂದೂ ಇತ್ತು, ಇಂದೂ ಇದೆ. ಸ್ಯಾನ್ ಮಟಿಯೊ ಕೌಂಟಿ ಇದೇ ಬಗೆಯ ಅಧಿಕಾರವನ್ನು 2025ರ ಮಾರ್ಚಿನಲ್ಲಿ ಮತದಾರರಿಂದ ಪಡೆದು ಅದೇ ಅಕ್ಟೋಬರಿನಲ್ಲಿ ತನ್ನ ಶೆರಿಫರನ್ನು ತೆಗೆದುಹಾಕಿತು. ಇನ್ನು ಎಲ್ಲ ಬಿಟ್ಟು ಉಳಿಯುವ ಹಳೆಯ ವ್ಯವಸ್ಥೆ ಎಂದರೆ ಚುನಾವಣೆಯೇ. ಅಂದಹಾಗೆ, 2018ರಲ್ಲಿ ಸೋತ ಜಿಮ್ ಮೆಕ್‌ಡಾನಲ್ 2024ರಲ್ಲಿ ಎಲ್‌ಎಪಿಡಿಯ ಮುಖ್ಯಸ್ಥರಾದರು. ಅದು ನೇಮಕದ ಹುದ್ದೆ, ಮೇಲೆ ಮೇಯರ್ ಇದ್ದಾರೆ.